ಹಳೆಯ ಕಾರಿಗೆ ಹೊಸ ಟ್ಯಾಂಕ್ ಯೂನಿಟ್ ಹಾಕಿಸಿದರೆ ಪೆಟ್ರೋಲ್ ಗೇಜ್ ಸರಿ ತೋರಿಸುತ್ತದೆಯೇ?

ಹಳೆಯ ಕಾರಿನ ಪೆಟ್ರೋಲ್ ಗೇಜ್ ಕೆಟ್ಟರೆ ಟ್ಯಾಂಕಿನೊಳಗಿನ ಯೂನಿಟ್ ಹೊಸದು ಹಾಕಿಸಿ, ಎಲ್ಲ ಸರಿಹೋಗುತ್ತದೆ. ಆಮೇಲೂ ಮುಳ್ಳು ಮೇಲೇರದಿದ್ದರೆ ಬಂಕ್‌ನವರು ಕಡಿಮೆ ಹಾಕಿದ್ದಾರೆ ಎಂದೇ ಅರ್ಥ. ಇಂಥ ಸಲಹೆ ನಿಮ್ಮ ಗುಂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಎರಡೂ ಮಾತು ಪೂರ್ತಿ ನಿಜವಲ್ಲ. ಹೊಸ ಯೂನಿಟ್ ಹಾಕಿದ ಮೇಲೆಯೇ ಗೇಜ್ ಹೆಚ್ಚು ತಪ್ಪು ತೋರಿಸುವುದೂ ಉಂಟು. ಕಾಲು ಟ್ಯಾಂಕ್ ಇದೆ ಎಂದು ನಂಬಿ ಹೊರಟವರು ರಾತ್ರಿ ಹೈವೇ ಬದಿಯಲ್ಲಿ ನಿಲ್ಲುವುದು ಹೀಗೆ.

ಟ್ಯಾಂಕ್ ಯೂನಿಟ್ ಒಳಗೆ ಏನಿರುತ್ತದೆ?

ಪೆಟ್ರೋಲ್ ಮೇಲೆ ತೇಲುವ ಒಂದು ಫ್ಲೋಟ್, ಅದಕ್ಕೊಂದು ಕಡ್ಡಿ. ಫ್ಲೋಟ್ ಏರಿಳಿದಂತೆ ಕಡ್ಡಿಯ ಇನ್ನೊಂದು ತುದಿ ಸಣ್ಣ ತಂತಿಸುರುಳಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಆಗ ವಿದ್ಯುತ್ತಿಗೆ ಸಿಗುವ ಅಡೆತಡೆ, ಅಂದರೆ ಓಮ್ ಲೆಕ್ಕ, ಬದಲಾಗುತ್ತದೆ. ಗೇಜ್ ನೋಡುವುದು ಆ ಓಮ್ ಅನ್ನು ಮಾತ್ರ. ಪೆಟ್ರೋಲ್ ಎಷ್ಟಿದೆ ಎಂಬುದು ಅದಕ್ಕೆ ನೇರವಾಗಿ ಗೊತ್ತಿಲ್ಲ.

ತೊಂದರೆ ಏನೆಂದರೆ, ಎಲ್ಲ ಕಂಪನಿಗಳ ಓಮ್ ಲೆಕ್ಕ ಒಂದೇ ಅಲ್ಲ. ಅಮೆರಿಕದ ಕಾರುಗಳನ್ನೇ ನೋಡಿ. 1960ರ ದಶಕದ ಮಧ್ಯದಿಂದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಟ್ಯಾಂಕ್ ಖಾಲಿ ಇದ್ದಾಗ 0 ಓಮ್, ತುಂಬಿದಾಗ 90 ಓಮ್. ಅದೇ ಕಾಲದ ಫೋರ್ಡ್ ಮಸ್ಟ್ಯಾಂಗ್‌ನಲ್ಲಿ ತಿರುಗುಮುರುಗು: ಖಾಲಿಗೆ ಸುಮಾರು 73, ಫುಲ್‌ಗೆ ಸುಮಾರು 10. ಫೋರ್ಡ್ ಯೂನಿಟ್ ಅನ್ನು ಜನರಲ್ ಮೋಟಾರ್ಸ್ ಗೇಜಿಗೆ ಜೋಡಿಸಿದರೆ ಟ್ಯಾಂಕ್ ಬರಿದಾಗುತ್ತಾ ಹೋದಂತೆ ಮುಳ್ಳು ಮೇಲೇರುತ್ತದೆ! ಇನ್ನು ಅಂಗಡಿಯಲ್ಲಿ ಸಿಗುವ 'ಎಲ್ಲ ಕಾರಿಗೂ ಆಗುತ್ತದೆ' ಎನ್ನುವ ಯೂನಿಟ್‌ಗಳಲ್ಲಿ 240ರಿಂದ 33 ಓಮ್‌ನವು ಬಹಳ. ಅದನ್ನು ಹಳೆಯ ಮಸ್ಟ್ಯಾಂಗ್‌ಗೆ ಹಾಕಿದರೆ ಟ್ಯಾಂಕ್ ತುಳುಕುವಷ್ಟು ತುಂಬಿದರೂ ಮುಳ್ಳು ಫುಲ್ ಗೆರೆ ಮುಟ್ಟುವುದಿಲ್ಲ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ತತ್ವ ಇದೇ. ಆ ಗೇಜಿಗೆ ಯಾವ ಓಮ್ ಬೇಕೋ ಅದೇ ಓಮ್‌ನ ಯೂನಿಟ್ ಬೇಕು.

ಓಮ್ ಸರಿ ಇದ್ದರೂ ತಪ್ಪು ಏಕೆ?

ಖಾಲಿ ಮತ್ತು ಫುಲ್ ಎರಡೂ ಸರಿ ಬಂದು ಮಧ್ಯದಲ್ಲಿ ಮಾತ್ರ ತಪ್ಪುವುದು ಅತಿ ಸಾಮಾನ್ಯ. ಟ್ಯಾಂಕ್ ನೇರ ಡಬ್ಬಿಯಲ್ಲ. ಕೆಳಗೆ ಕಿರಿದು, ಮೇಲೆ ಅಗಲ, ನಡುವೆ ಉಬ್ಬುತಗ್ಗು. ಮೂಲ ತಯಾರಕರು ತಮ್ಮ ಟ್ಯಾಂಕಿಗೂ ಗೇಜಿಗೂ ಹೊಂದುವಂತೆ ತಂತಿಯನ್ನು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸುತ್ತಿರುತ್ತಿದ್ದರು. ಬದಲಿ ಯೂನಿಟ್‌ಗಳಲ್ಲಿ ಎಷ್ಟೋ ಬಾರಿ ಸುತ್ತು ಎಲ್ಲೆಡೆ ಸಮ. ಜೊತೆಗೆ ಕಡ್ಡಿಯ ಉದ್ದ ಸ್ವಲ್ಪ ಬೇರೆಯಾದರೂ ಫ್ಲೋಟ್ ತಳ ಮುಟ್ಟುವ ಮೊದಲೇ ನಿಂತುಬಿಡುತ್ತದೆ.

ಇನ್ನೊಂದು ಕಳ್ಳ ಅರ್ಥಿಂಗ್. ಟ್ಯಾಂಕಿಗೆ ಹೊಸ ಪೇಂಟ್, ಹೊಸ ರಬ್ಬರ್ ವಾಷರ್ ಬಿದ್ದರೆ ಯೂನಿಟ್‌ಗೂ ಬಾಡಿಗೂ ಸಂಪರ್ಕ ಸಡಿಲವಾಗಿ ಬೇಡದ ಓಮ್ ಸೇರಿಕೊಳ್ಳುತ್ತದೆ. ಫೋರ್ಡ್ ಮಾದರಿಯಲ್ಲಿ ಇದರಿಂದ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅದೇನೂ ಅಪಾಯವಲ್ಲ. ಆದರೆ 0ರಿಂದ 90 ಮಾದರಿಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದಾರಿಯಲ್ಲಿ ಕೈಕೊಡುವುದು ಈ ಗೇಜ್. ಯೂನಿಟ್ ದೂರುವ ಮೊದಲು ಟ್ಯಾಂಕಿನಿಂದ ಬಾಡಿಗೆ ಒಂದು ಗಟ್ಟಿ ಅರ್ಥ್ ವೈರ್ ಕಟ್ಟಿ ನೋಡುವುದು ಅಗ್ಗದ ಉಪಾಯ.

ಹಾಗಾದರೆ ಏನು ಮಾಡಬೇಕು?

ಕೊಂಡ ಯೂನಿಟ್ ಅನ್ನು ಟ್ಯಾಂಕಿಗೆ ಇಳಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಫ್ಲೋಟ್ ಕೆಳಗೆ, ನಡುವೆ, ಮೇಲೆ ಇರುವಾಗಿನ ಓಮ್ ಬರೆದುಕೊಳ್ಳಿ. ಹಳೆಯ ಯೂನಿಟ್ ಎಸೆಯಬೇಡಿ. ಸಂಪರ್ಕ ಬಿಂದು ಒರೆಸಿ, ತೂತಾದ ಫ್ಲೋಟ್ ಮಾತ್ರ ಬದಲಿಸಿದರೆ ಹೊಸದಕ್ಕಿಂತ ಅದೇ ಚೆನ್ನಾಗಿ ನಡೆಯುವುದು ಅಪರೂಪವೇನಲ್ಲ. (ತೀರಾ ಹಳೆಯ ಕಾರುಗಳ ಕಾರ್ಕ್ ಫ್ಲೋಟ್‌ಗೆ ಅರಗಿನ ಲೇಪವಿದ್ದರೆ ಜಾಗ್ರತೆ, ಅರಗು ಎಥನಾಲ್‌ನಲ್ಲಿ ಕರಗುತ್ತದೆ, ಈಗಿನ ಇ20 ಪೆಟ್ರೋಲ್‌ನಲ್ಲಿ ಎಥನಾಲ್ 20% ಇದೆ.)

ಗೇಜ್ ಪರೀಕ್ಷೆಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ ಎನ್ನುವ ಸಲಹೆ ಕೇಳಬೇಡಿ. 1960ರ ದಶಕದ ಮಸ್ಟ್ಯಾಂಗ್ ಗೇಜ್ ಓಡುವುದು ಸರಾಸರಿ 5 ವೋಲ್ಟ್‌ನಲ್ಲಿ, 12 ಕೊಟ್ಟರೆ ಸುಟ್ಟುಹೋಗುತ್ತದೆ. ಟ್ಯಾಂಕ್ ಬಳಿ ಕಿಡಿ ಹಾರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಪೆಟ್ರೋಲ್ ತೆಗೆದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಹೊತ್ತಿಕೊಳ್ಳುವುದು ಆ ಆವಿಯೇ. ಯೂನಿಟ್ ಬಿಚ್ಚುವ ಕೆಲಸ ತಿಳಿದ ಮೆಕ್ಯಾನಿಕ್‌ಗೇ ಬಿಡಿ, ಮೊದಲು ಬ್ಯಾಟರಿ ವೈರ್ ಕಳಚಿಸಿ.

ಅಳವಡಿಸಿದ ಮೇಲೆ ಬಹುತೇಕ ಬರಿದಾದ ಟ್ಯಾಂಕಿಗೆ 5 ಲೀಟರ್‌ನಂತೆ ಅಳೆದು ಹಾಕಿಸುತ್ತಾ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತು ಎಂದು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಕಾಲು ಗೆರೆಯಲ್ಲಿ ನಿಜಕ್ಕೂ ಎಷ್ಟು ಲೀಟರ್ ಇದೆ ಎಂಬುದು ಆ ಫೋಟೊಗಳಿಂದ ತಿಳಿಯುತ್ತದೆ. ಓಮ್ ಹೊಂದಿಸಿಕೊಡುವ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಸಿಗುತ್ತವೆ, ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅವುಗಳಿಂದಲೂ ಉಪಯೋಗವಿಲ್ಲ.

ಬಂಕ್ ಮೇಲಿನ ಅನುಮಾನಕ್ಕೆ ಮುಳ್ಳು ಸಾಕ್ಷಿಯಲ್ಲ. ಬಂಕ್‌ಗಳಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಹಿಡಿದು ತೋರಿಸಿ ಎಂದು ಗ್ರಾಹಕರು ಯಾರು ಬೇಕಾದರೂ ಕೇಳಬಹುದು.