ಕಟ್ಟಿಸಿದವರು ಮತ್ತು ಕಟ್ಟಿದವರು



ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತಪ್ಪದೆ ಬರುವ ಕೆಲವು ಪ್ರಶ್ನೆಗಳಿವೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ವಾಸ್ತುಶಿಲ್ಪಿ ಯಾರು? ಕ್ರಿಸ್ಟೋಫರ್ ರೆನ್. ದೆಹಲಿಯ ರಾಷ್ಟ್ರಪತಿ ಭವನದ್ದು? ಎಡ್ವಿನ್ ಲುಟ್ಯೆನ್ಸ್. ಮೈಸೂರು ಅರಮನೆಯದು? ಹೆನ್ರಿ ಇರ್ವಿನ್. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಇರ್ವಿನ್ನರ ನಕ್ಷೆಯಂತೆ ಎದ್ದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು.

ಮಹಾಲಿಂಗಪುರದ ಮಕ್ಕಳೂ ಈ ಉತ್ತರಗಳನ್ನು ತಡವರಿಸದೆ ಹೇಳುತ್ತಾರೆ. ಆದರೆ ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ವಿಷಯ ಬಂದರೆ, "ಚಾಲುಕ್ಯರು" ಎಂಬಲ್ಲಿಗೆ ಉತ್ತರ ನಿಂತುಬಿಡುತ್ತದೆ. ನಮ್ಮ ಕನ್ನಡದಲ್ಲಿ "ಕಟ್ಟಿಸು" ಬೇರೆ, "ಕಟ್ಟು" ಬೇರೆ. ಇಂಗ್ಲೆಂಡಿನ ಮಾತು ಬಂದಾಗ ಕಟ್ಟಿದವನನ್ನು ಕೇಳುವ ನಾವು, ನಮ್ಮಲ್ಲಿ ಕಟ್ಟಿಸಿದವರನ್ನಷ್ಟೇ ಕೇಳುತ್ತೇವೆ.

ಕಟ್ಟಿದವರ ಹೆಸರು ಸಿಗುವುದಿಲ್ಲವೆಂಬ ನೆಪವೂ ಇಲ್ಲಿ ಸಲ್ಲದು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕ್ರಿ.ಶ. 740ರ ಸುಮಾರಿಗೆ ಈ ಗುಡಿಯನ್ನು ಕಟ್ಟಿಸಿದಳು. ಇದನ್ನು ಕಟ್ಟಿದ ಸೂತ್ರಧಾರಿ ಗುಂಡ. ಅನಿವಾರಿತಾಚಾರಿ ಎಂಬುದು ಅವನ ಇನ್ನೊಂದು ಹೆಸರು. ಅವನಿಗೆ "ತ್ರಿಭುವನಾಚಾರಿ" ಎಂಬ ಬಿರುದನ್ನೂ ಗೌರವದ ಪಟ್ಟವನ್ನೂ ಕೊಟ್ಟರೆಂದು ಅಲ್ಲಿಯ ಹಳಗನ್ನಡ ಶಾಸನವೇ ಹೇಳುತ್ತದೆ. ಸರ್ವಸಿದ್ಧಿ ಆಚಾರಿ ಎಂಬ ತೆಂಕಣ ದಿಸೆಯ ಸೂತ್ರಧಾರಿಯ ಹೆಸರೂ ಅಲ್ಲಿದೆ. ಸಮೀಪದ ಪಾಪನಾಥ ಗುಡಿಯ ಶಾಸನದಲ್ಲಿ ರೇವಡಿ ಓವಜ್ಜನಿದ್ದಾನೆ.

ಇಂದು ಸೂತ್ರಧಾರ ಎಂದೊಡನೆ ನಮಗೆ ನಾಟಕ ನೆನಪಾಗುತ್ತದೆ. ಅಂದಿನ ಸೂತ್ರಧಾರಿ ಅಳತೆಯ ದಾರ ಹಿಡಿದು ಕಟ್ಟಡದ ಲೆಕ್ಕ ನೋಡುವವನು. "ಓವಜ್ಜ" ಎಂಬುದು "ಉಪಾಧ್ಯಾಯ" ಶಬ್ದದ ತದ್ಭವ. "ಆಚಾರಿ" ಎಂಬುದು "ಆಚಾರ್ಯ"ದ ತದ್ಭವ. ಎರಡರ ಅರ್ಥವೂ ಗುರು ಎಂದೇ. ಕಲ್ಲಿನ ವಿದ್ಯೆ ಬಲ್ಲವನನ್ನು ನಮ್ಮ ಹಿರಿಯರು ಬರೀ ಕೂಲಿಯಾಳೆಂದು ಕಾಣಲಿಲ್ಲವೆಂಬುದಕ್ಕೆ ಈ ಪದಗಳೇ ಸಾಕ್ಷಿ.

1723ರಲ್ಲಿ ತೀರಿಕೊಂಡ ರೆನ್ನನ ಸಮಾಧಿ ಅವನೇ ಕಟ್ಟಿದ ಆ ಕೆಥೆಡ್ರಲ್‌ನಲ್ಲಿದೆ. ಅವನ ಸ್ಮಾರಕ ಬೇಕಾದವರು ಸುತ್ತಲೂ ನೋಡಲಿ ಎಂಬರ್ಥದ ಬರಹ ಅಲ್ಲಿದೆ. ಅದಕ್ಕೆ ಸುಮಾರು ಒಂದು ಸಾವಿರ ವರ್ಷ ಮೊದಲೇ ನಮ್ಮ ಗುಂಡನ ಹೆಸರು ಅವನ ಗುಡಿಯ ಕಲ್ಲಿನ ಮೇಲೆ ಮೂಡಿತ್ತು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಕೆಲವರ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರಬಹುದು. ಮಕ್ಕಳು ರೆನ್, ಇರ್ವಿನ್ನರನ್ನು ಅವಶ್ಯವಾಗಿ ಕಲಿಯಲಿ. ಅದರ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿರಿ: ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವರಾರು, ಕಟ್ಟಿದವರಾರು? ಎರಡೂ ಹೆಸರು ಹೇಳಿದವರಿಗೆ ಪೂರ್ತಿ ಅಂಕ ಕೊಡಿರಿ.