ಸಸ್ಯಜನ್ಯ ನ್ಯಾನೋಸೆಲ್ಯುಲೋಸ್‌ನ ವೈದ್ಯಕೀಯ ಸುರಕ್ಷತೆ

ಸಸ್ಯಜನ್ಯ ನ್ಯಾನೋಸೆಲ್ಯುಲೋಸ್ ಎಂಬುದು ಮರದ ತಿರುಳು, ಹತ್ತಿ ಮುಂತಾದವುಗಳಿಂದ ಪಡೆಯುವ, 100 ನ್ಯಾನೋಮೀಟರಿಗಿಂತ ಕಡಿಮೆ ದಪ್ಪದ ಸೆಲ್ಯುಲೋಸ್ ಎಳೆ ಅಥವಾ ಹರಳು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಸುಟ್ಟಗಾಯದ ರೋಗಿಗಳಿಗೆ, ಕಸಿಗಾಗಿ ಚರ್ಮ ತೆಗೆದ ಜಾಗದ ಮೇಲೆ ಇದರ ಪಟ್ಟಿಯನ್ನು ಹೊದಿಸಿ ಪರೀಕ್ಷಿಸಲಾಗಿದೆ. ಹೊಸ ಚರ್ಮ ಬೆಳೆದಂತೆ ಪಟ್ಟಿ ತಾನಾಗಿ ಕಳಚಿಕೊಳ್ಳುತ್ತದೆ. ದೇಹದೊಳಗೆ ಇರಿಸುವುದಾದರೆ ಪ್ರಶ್ನೆಯೇ ಬೇರೆ. ಸೆಲ್ಯುಲೋಸನ್ನು ಒಡೆಯುವ ಸೆಲ್ಯುಲೇಸ್ ಕಿಣ್ವವು ಮನುಷ್ಯನ ಅಂಗಾಂಶಗಳಲ್ಲಿ ಇಲ್ಲವಾದ್ದರಿಂದ ಅದು ದೀರ್ಘಕಾಲ ಅಲ್ಲಿಯೇ ಉಳಿಯಬಹುದು. ಸಸ್ಯಮೂಲದ್ದೆಂಬ ಮಾತ್ರಕ್ಕೆ ನಿರಪಾಯಕಾರಿ ಎನ್ನಲಾಗದು. ತಯಾರಿಕೆಯ ವೇಳೆ ಬ್ಯಾಕ್ಟೀರಿಯಾಗಳಿಂದ ಸೇರಿದ ಎಂಡೋಟಾಕ್ಸಿನ್ ಉಳಿದರೂ ಉರಿಯೂತ ಉಂಟಾಗುತ್ತದೆ. ಆಗ ದೋಷವು ಎಳೆಯದೋ ಕಲ್ಮಶದ್ದೋ ಎಂದು ನಿರ್ಣಯಿಸುವುದು ಕಷ್ಟ. ಯುರೋಪಿಯನ್ ಒಕ್ಕೂಟದ 2017/745 ನಿಯಮಾವಳಿಯ 19ನೇ ನಿಯಮದಂತೆ, ನ್ಯಾನೋವಸ್ತುವು ದೇಹದೊಳಗೆ ಸೇರುವ ಸಾಧ್ಯತೆ ಮಧ್ಯಮ ಅಥವಾ ಹೆಚ್ಚಿದ್ದರೆ ಆ ವೈದ್ಯಕೀಯ ಸಾಧನವು ಅತ್ಯಧಿಕ ಅಪಾಯದ ಮೂರನೇ ವರ್ಗಕ್ಕೆ ಸೇರುತ್ತದೆ. ಸಾಧ್ಯತೆ ನಗಣ್ಯವಾಗಿದ್ದರೆ ಎರಡು-ಎ ವರ್ಗಕ್ಕೆ.