ಎರಡು ವರ್ಷದ ಕಸುಬು: ಐ.ಟಿ.ಐ. ನಡೆದು ಬಂದ ದಾರಿ

ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿಗಳ ಕನ್ನಡ ಮನೆಗಳಲ್ಲಿ ನಡೆಯುವ ಚರ್ಚೆ ಒಂದೇ: ವಿಜ್ಞಾನವೋ, ವಾಣಿಜ್ಯವೋ? ಮೂರನೆಯ ಹೆಸರೊಂದು ಬರುವುದು ಅಂಕಗಳು ಕಡಿಮೆಯಾದಾಗ ಮಾತ್ರ. "ಇನ್ನೇನು ಮಾಡುವುದು, ಐ.ಟಿ.ಐ.ಗೆ ಹಾಕೋಣ" ಎಂದು ತಂದೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಎರಡು ವರ್ಷದ ಈ ವಿದ್ಯೆ ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂಬುದನ್ನು ತಿಳಿದರೆ ಆ ದನಿ ತಗ್ಗಬೇಕಾದ ಕಾರಣವಿಲ್ಲವೆಂಬುದು ಮನವರಿಕೆಯಾದೀತು.

ಕೈಗಾರಿಕಾ ಶಿಕ್ಷಣಕ್ಕೂ ಕನ್ನಡಿಗರಿಗೂ ಮುಂಬಯಿಯಲ್ಲಿ ಹಳೆಯ ನಂಟಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದವು. ಆದ್ದರಿಂದ 1887ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಆ ಜಿಲ್ಲೆಗಳವರಿಗೂ ತಮ್ಮದೇ ಪ್ರಾಂತದ ಸಂಸ್ಥೆ. ಇಂದು ಮಾಟುಂಗದಲ್ಲಿ ವೀರಮಾತಾ ಜೀಜಾಬಾಯಿಯವರ ಹೆಸರು ಹೊತ್ತು ನಿಂತಿರುವುದು ಅದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಲ್ಲಿ ಯಾಂತ್ರಿಕ ನಕ್ಷೆ ಕಲಿಸುವ ಶಿಕ್ಷಕರಾಗಿದ್ದು, ಆಮೇಲೆ ಆ ನೌಕರಿ ಬಿಟ್ಟು ಬೆಳಗಾವಿಯಲ್ಲಿ ಸ್ವಂತ ಉದ್ಯಮಕ್ಕೆ ಕೈಹಾಕಿದರು. ಅವರ ಮನೆತನದ ಉದ್ಯಮವೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆಗಿ ಲೇಥ್ ಯಂತ್ರಗಳನ್ನು ತಯಾರಿಸತೊಡಗಿತು.

ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಅಣೆಕಟ್ಟುಗಳಿಂದ ಮಾತ್ರ ನೆನೆಯುತ್ತೇವೆ. 1921-22ರಲ್ಲಿ ಮುಂಬಯಿ ಸರಕಾರ ನೇಮಿಸಿದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರೆಂಬುದು ಹೆಚ್ಚು ಜನಕ್ಕೆ ತಿಳಿಯದು. ಭದ್ರಾವತಿ ಕಬ್ಬಿಣ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ತಾವು ಬಳಸದೆ ವೃತ್ತಿ ಶಿಕ್ಷಣಕ್ಕೆಂದು ಬಿಟ್ಟುಕೊಟ್ಟರು. ಅದರಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ರೂಪುಗೊಂಡಿತು. ಅಷ್ಟು ದೊಡ್ಡ ಇಂಜಿನಿಯರರು ಬದುಕಿನ ಕೊನೆಯ ಘಟ್ಟದಲ್ಲಿ ಮನಸ್ಸಿಟ್ಟದ್ದು ಕುಶಲ ಕೆಲಸಗಾರನ ಶಾಲೆಯ ಮೇಲೆ. ಇದು ಗಮನಿಸತಕ್ಕ ಸಂಗತಿ.

ಆದರೆ ಐ.ಟಿ.ಐ.ಯ ನೇರ ಮೂಲ ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧಕ್ಕೆ ಫಿಟ್ಟರ್, ಟರ್ನರ್, ವೆಲ್ಡರುಗಳು ಸಾವಿರಗಟ್ಟಲೆ ಬೇಕಾದಾಗ ಸರಕಾರ ಅವಸರದ ತರಬೇತಿ ಕೇಂದ್ರಗಳನ್ನು ತೆರೆಯಿತು. ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಅವರ ಹೆಸರಿನ ಯೋಜನೆಯಲ್ಲಿ 1941ರಿಂದ ಭಾರತದ ಯುವಕರು ಕಸುಬು ಕಲಿಯಲು ಇಂಗ್ಲೆಂಡಿಗೂ ಹೋದರು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಸೇನೆಯಿಂದ ಬಿಡುಗಡೆಯಾದವರಿಗೆ ಕೆಲಸ ಕೊಡಿಸಲು ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯ ಹುಟ್ಟಿತು. ಅಷ್ಟರಲ್ಲಿ ದೇಶ ವಿಭಜನೆಯಾಯಿತು. ಕಲ್ಯಾಣದ ಬಳಿಯ ಖಾಲಿ ಸೈನಿಕ ಶಿಬಿರಗಳಲ್ಲಿ ಸಿಂಧಿ ನಿರಾಶ್ರಿತರು ಬಂದಿಳಿದರು. 1949ರಲ್ಲಿ ಆ ಶಿಬಿರಗಳೇ ಉಲ್ಹಾಸನಗರವಾದವು. ನಿರಾಶ್ರಿತರಿಗೂ ಅದೇ ತರಬೇತಿಯನ್ನು ವಿಸ್ತರಿಸಲಾಯಿತು. ಕೊನೆಗೆ 1950ರಲ್ಲಿ ಭಾರತ ಸರಕಾರ ಅದನ್ನು ಎಲ್ಲ ಯುವಕರಿಗೂ ತೆರೆದು ಕುಶಲಕರ್ಮಿ ತರಬೇತಿ ಯೋಜನೆ ಎಂದು ಕರೆಯಿತು. ಮೊದಲಿಗೆ ಇದ್ದ ಸಂಸ್ಥೆಗಳು ಸುಮಾರು 50. 1956ರಲ್ಲಿ ಅವುಗಳ ಆಡಳಿತ ರಾಜ್ಯಗಳ ಕೈಗೆ ಬಂತು.

ಅಂದರೆ ಈ ವಿದ್ಯೆಯನ್ನು ಕಟ್ಟಿದ್ದು ಅಂಕ ಕಡಿಮೆ ಬಂದವರಿಗಾಗಿ ಅಲ್ಲ. ನೆಲೆ ತಪ್ಪಿದವರು ಮತ್ತೆ ನೆಲೆಯೂರಲೆಂದು. ಊರು ಬಿಟ್ಟು ಬಂದು ಇಲ್ಲಿ ಬೇರು ಬಿಟ್ಟ ನಮಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಎರಡು ವರ್ಷಗಳಲ್ಲಿ ಏನು ಕಲಿಸುತ್ತಾರೆ? ಫಿಟ್ಟರ್ ವಿದ್ಯಾರ್ಥಿಯ ಮೊದಲ ಪಾಠ ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ತುಂಡನ್ನು ಉಜ್ಜುತ್ತ ಉಜ್ಜುತ್ತ ಮಟ್ಟ ಮಾಡಬೇಕು. ಮೂಲೆಮಟ್ಟವಿಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ತೂರಬಾರದು. ಆಮೇಲೆ ಗಂಡು-ಹೆಣ್ಣು ಜೋಡಣೆ: ಎರಡು ತುಂಡುಗಳು ಒಂದರೊಳಗೊಂದು ಸಡಿಲವಿಲ್ಲದೆ ಕೂಡಬೇಕು. ವರ್ನಿಯರ್ ಕ್ಯಾಲಿಪರ್ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲನ್ನು, ಮೈಕ್ರೋಮೀಟರ್ ನೂರನೆಯ ಒಂದು ಪಾಲನ್ನು ಅಳೆದು ತಪ್ಪು ತೋರಿಸುತ್ತದೆ. ನಾನು ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಇದೇ ಉಪಕರಣಗಳಿಂದ ಅಳತೆ ತೆಗೆದು ವಹಿಯಲ್ಲಿ ಬರೆದವನು; ಆ ಹುಡುಗರು ಅಳತೆಗೆ ಸರಿಯಾಗಿ ವಸ್ತುವನ್ನೇ ಮಾಡುತ್ತಾರೆ. ಕಛೇರಿಯ ಕಡತದಲ್ಲಿ ತಪ್ಪಾದರೆ ಹೊಡೆದುಹಾಕಿ ತಿದ್ದಬಹುದು. ಹೆಚ್ಚು ಉಜ್ಜಿದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು.

ಇಂಥ ಕೈಗಳಿಗಾಗಿ ನಮ್ಮ ಪರಿಸರ ಒಮ್ಮೆ ಕಾದು ಕುಳಿತಿತ್ತು. ಅಂಬರನಾಥದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯೂ ಯಂತ್ರೋಪಕರಣಗಳ ಮಾದರಿ ಕಾರ್ಖಾನೆಯೂ ಬಂದವು. 1962ರಲ್ಲಿ ಎಂ.ಐ.ಡಿ.ಸಿ. ಸ್ಥಾಪನೆಯಾಗಿ ಠಾಣೆಯ ವಾಗ್ಳೆ ಎಸ್ಟೇಟ್ ಅದರ ಮೊದಲ ಕೈಗಾರಿಕಾ ವಸಾಹತಾಯಿತು. ಡೊಂಬಿವಲಿಯ ಎಂ.ಐ.ಡಿ.ಸಿ., ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಎದ್ದ ಕಾರ್ಖಾನೆಗಳು, ಕಳ್ವಾದ ಮುಕುಂದ್, ಸೀಮೆನ್ಸ್—ಎಲ್ಲೆಡೆಯೂ ಪಾಳಿಯ ಸೈರನ್ನು. ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೊ ಹುಟ್ಟಿದ್ದು 1970ರಲ್ಲಿ. ಕಾರ್ಖಾನೆಗಳು ಅದಕ್ಕೂ ಮುಂಚೆಯೇ ಬರತೊಡಗಿದ್ದವು. ಠಾಣೆ, ಅಂಬರನಾಥ, ಉಲ್ಹಾಸನಗರಗಳಲ್ಲಿ ಸರಕಾರಿ ಐ.ಟಿ.ಐ.ಗಳಿವೆ, ವಾಗ್ಳೆ ಎಸ್ಟೇಟಿನಲ್ಲಂತೂ ಒಂದು ವೃತ್ತವನ್ನೇ ಅದರ ಹೆಸರಿನಿಂದ ಕರೆಯುತ್ತಾರೆ.

ಶಾಲೆಗೂ ಕಾರ್ಖಾನೆಗೂ ಸೇತುವೆಯಾದದ್ದು 1961ರ ಅಪ್ರೆಂಟಿಸ್ ಕಾಯಿದೆ. ಕಲಿತವನನ್ನು ಶಿಷ್ಯವೇತನ ಕೊಟ್ಟು ತರಬೇತಿಗೆ ಸೇರಿಸಿಕೊಳ್ಳುವುದು ಮಾಲೀಕನ ಕರ್ತವ್ಯವೆಂದು ಅದು ವಿಧಿಸಿತು. ಐ.ಟಿ.ಐ. ಒಂದು ಕಾಲು, ಕಾರ್ಖಾನೆ ಇನ್ನೊಂದು ಕಾಲು. ಎರಡೂ ಇದ್ದಾಗಲೇ ಈ ವಿದ್ಯೆ ನಡೆದದ್ದು. 1970ರ ದಶಕದಲ್ಲಿ ತೈಲದ ಹಣದಿಂದ ಕೊಲ್ಲಿ ದೇಶಗಳಲ್ಲಿ ಕಟ್ಟಡ, ಕಾರ್ಖಾನೆಗಳು ಏಳತೊಡಗಿದಾಗ ಬೇಡಿಕೆ ಇನ್ನೂ ಏರಿತು. 1980ರಲ್ಲಿ ದೇಶದಲ್ಲಿ 831 ಇದ್ದ ಐ.ಟಿ.ಐ.ಗಳು 1987ರ ಹೊತ್ತಿಗೆ ಸುಮಾರು 1,900 ಆದವು.

ಆಮೇಲೆ ಒಂದು ಕಾಲು ಕುಂಟಿತು. 1982ರ ಗಿರಣಿ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಲ್ಯಾಣದ ಬಳಿ ಮೋಹನೆಯ ನ್ಯಾಷನಲ್ ರೇಯಾನ್ 2009ರಲ್ಲಿ ನಿಂತಿತು. ವಾಗ್ಳೆ ಎಸ್ಟೇಟಿನ ಹಳೆಯ ಶೆಡ್ಡುಗಳ ಜಾಗದಲ್ಲಿ ಕಚೇರಿ ಕಟ್ಟಡಗಳೆದ್ದವು. ಐರೋಳಿ, ಮಹಾಪೆಗಳಲ್ಲಿ ಕಂಪ್ಯೂಟರ್ ಕಂಪೆನಿಗಳು ಬಂದವು. ಜಮೀನಿನ ಬೆಲೆ ಏರಿದಲ್ಲಿ ಲೇಥಿಗಿಂತ ಗಾಜಿನ ಗೋಪುರಕ್ಕೆ ಲಾಭ ಹೆಚ್ಚು. ಐ.ಟಿ.ಐ. ಎಂದರೆ ಮೂಗು ಮುರಿಯುವ ನಮ್ಮ ಅಭ್ಯಾಸ ಬಲಿತದ್ದು ಈ ಕಾಲದಲ್ಲಿ. ಸೋತದ್ದು ವಿದ್ಯೆಯಲ್ಲ, ಅದರ ಪಕ್ಕದ ಕಾರ್ಖಾನೆ.

ಆದ್ದರಿಂದ ಇಂದು ಮಗನನ್ನೋ ಮಗಳನ್ನೋ ಸೇರಿಸುವಾಗ ಎರಡನೆಯ ಕಾಲು ಎಲ್ಲಿದೆ ಎಂದು ಮೊದಲೇ ನೋಡಬೇಕು. ಆ ಟ್ರೇಡಿಗೆ ರಾಷ್ಟ್ರೀಯ ಪ್ರಮಾಣಪತ್ರ ಸಿಗುತ್ತದೆಯೇ? ಅಪ್ರೆಂಟಿಸ್‌ಗಿರಿಗೆ ಯಾವ ಕಾರ್ಖಾನೆ ಕರೆಯುತ್ತದೆ? 30ಕ್ಕಿಂತ ಕಡಿಮೆಯಿಲ್ಲದಷ್ಟು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು 2019ರ ನಿಯಮ ಹೇಳುತ್ತದೆ. ಮಧ್ಯ ರೈಲ್ವೆಯ ವರ್ಕ್‌ಶಾಪುಗಳೂ ಮುಂಬಯಿಯ ನೌಕಾ ಡಾಕ್‌ಯಾರ್ಡೂ ಐ.ಟಿ.ಐ. ಆದವರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳುತ್ತವೆ. ಓದುವ ಮನಸ್ಸಿದ್ದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಉಂಟು. ದಾರಿ ಅಲ್ಲಿಗೇ ಮುಗಿಯುವುದಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವವರು ನಾವೇ. ಅವರ ಕೈಗೆ ಗ್ರೀಸು ಹತ್ತಿದರೆ ನಾಚುವವರೂ ನಾವೇ. ಮುಂದಿನ ಸಲ ಫಲಿತಾಂಶ ಬಂದಾಗ ಐ.ಟಿ.ಐ.ಯ ಹೆಸರನ್ನು ಮೂರನೆಯದಾಗಿ ಅಲ್ಲ, ಉಳಿದೆರಡರ ಜೊತೆಗೇ, ಸಹಜವಾದ ದನಿಯಲ್ಲಿ ಹೇಳೋಣ.